ಬಿಳಿಗುಡ್ಡದ ದಿಕ್ಕು

"ಅಜ್ಜಾರ, ಕರೀದ ಊರಿಗೆ ಹೆಂಗ ಹೋಗಲ್ರಿ?"

ಕೇಳಿದವನು ಗುರುಪಾದ, ಮಠದ ಶಿಷ್ಯ. ಅವನ ಓದು ಮುಗಿದಿತ್ತು. ಜೊತೆಯಲ್ಲಿ ಓದಿದವರೆಲ್ಲ ಒಂದೊಂದು ಊರಿನ ಮಠಕ್ಕೆ ಹೋಗಿಯಾಗಿತ್ತು. ಅವರನ್ನು ಕರೆದೊಯ್ಯಲು ಆಯಾ ಊರಿನ ಹಿರಿಯರು ಫಲತಾಂಬೂಲ ಹಿಡಿದು, ಗಾಡಿ ಕಟ್ಟಿಕೊಂಡು ಬಂದಿದ್ದರು. ಗುರುಪಾದನ ಪಾಲಿಗೆ ಬಂದದ್ದು ಹೊಳೆಯಾಚೆಯ ಒಂದು ಸಣ್ಣ ಊರು. ಅಲ್ಲಿಂದ ಗಾಡಿ ಬರಲಿಲ್ಲ, ತಾಂಬೂಲ ಬರಲಿಲ್ಲ, ಬರಿಗೈಯಲ್ಲಾದರೂ ಒಬ್ಬ ಮನುಷ್ಯ ಬರಲಿಲ್ಲ. ಆ ಊರಿನವರು ಗರ್ವಿಷ್ಠರು, ಸ್ವಾಮಿಗಳನ್ನು ಕಂಡರೆ ಮುಖ ತಿರುಗಿಸುತ್ತಾರೆ ಎಂದು ಮಠದ ಅಡುಗೆಮನೆಯಲ್ಲಿ ಮಾತು ಹಬ್ಬಿತ್ತು. ಗುರುಪಾದ ಗಂಟು ಕಟ್ಟಿದ್ದ, ಬಿಚ್ಚಿದ್ದ, ಮತ್ತೆ ಕಟ್ಟಿದ್ದ.

ಅಜ್ಜಾರು, ಅಂದರೆ ಮಠದ ಹಿರಿಯ ಸ್ವಾಮಿಗಳು, ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವ ಅಭ್ಯಾಸ ಅವರಿಗಿರಲಿಲ್ಲ. "ಕುಂದರು" ಎಂದು ಒಂದು ಕತೆ ಹೇಳಿದರು.

ಒಂದು ನಾಡಿನಲ್ಲಿ ಕುರಿಗಾರರಿದ್ದರು. ದೀಪಾವಳಿ ಕಳೆದು ತಮ್ಮ ಸೀಮೆಯ ಹುಲ್ಲು ಒಣಗಿತೆಂದರೆ ಅವರು ಹಟ್ಟಿಯಲ್ಲಿ ನಿಲ್ಲುವವರಲ್ಲ. ಹೆಂಡಿರು ಮಕ್ಕಳು, ಕಂಬಳಿ, ಗಡಿಗೆ, ನಾಯಿ ಎಲ್ಲವನ್ನೂ ಕಟ್ಟಿಕೊಂಡು, ಹಿಂಡು ಹೊಡೆದುಕೊಂಡು ದೂರದ ಊರುಗಳಿಗೆ ಹೊರಡುತ್ತಿದ್ದರು. ಹೋದಲ್ಲಿ ರೈತರ ಹೊಲದಲ್ಲಿ ಕುರಿ ನಿಲ್ಲಿಸುವರು. ಕುರಿಯ ಹಿಕ್ಕೆ ಹೊಲಕ್ಕೆ ಗೊಬ್ಬರ, ರೈತ ಕೊಡುವ ಜೋಳ ಕುರಿಗಾರನ ಹೊಟ್ಟೆಗೆ. ಮಳೆಗಾಲ ಹತ್ತಿರವಾದಾಗ ತಿರುಗಿ ಬರುವರು.

ಹೊರಡುವ ಮುನ್ನ ಎಲ್ಲರೂ ಬೀರಪ್ಪನ ಗುಡಿಯ ಮುಂದೆ ಸೇರಬೇಕು. ಹಟ್ಟಿಯ ಹಿರಿಯ ಒಂದೊಂದು ಮನೆಗೆ ಒಂದೊಂದು ದಿಕ್ಕು ಕೊಡುತ್ತಾನೆ. ಒಬ್ಬರ ದಿಕ್ಕಿಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಇದು ಒಂದು ಕಟ್ಟಳೆ. ಇನ್ನೊಂದು ಇದಕ್ಕಿಂತ ಬಿಗಿ. ಯಾವ ಊರಿಗೆ ಹೋದರೂ ಹಿಂಡು ಗಡಿಗಲ್ಲಿನ ಬಳಿ ನಿಲ್ಲಬೇಕು. ಆ ಊರಿನವರು ತುಂಬಿದ ಕೊಡ ಹೊತ್ತು ಕಲ್ಲಿನ ತನಕ ಬಂದು, ಮುಂದೆ ನಡೆಯುವ ಟಗರಿನ ಕಾಲಿಗೆ ನೀರು ಹಾಕಿ, ನಮ್ಮ ಹೊಲಕ್ಕೆ ಬನ್ನಿ ಎಂದು ಕರೆಯಬೇಕು. ಕರೆಯದೆ ಗಡಿ ದಾಟಿದವನು ಕುರಿಗಾರನಲ್ಲ, ಕಳ್ಳ ಎಂದು ಅವರ ಹಿರಿಯರು ಹೇಳಿಬಿಟ್ಟಿದ್ದರು. ಹೊಟ್ಟೆಗಿಲ್ಲದಿದ್ದರೂ ಮಾನ ಬಿಡದ ಜನ.

ಅವರಲ್ಲಿ ಯಾರೂ ಬಯಸದ ದಿಕ್ಕೊಂದಿತ್ತು. ಬಿಳಿಗುಡ್ಡ ಎಂಬ ಊರಿನ ದಿಕ್ಕು. ಹಿಂದೆ ಅಲ್ಲಿಗೆ ಹೋದವರೆಲ್ಲ ಗಡಿಗಲ್ಲಿನ ಬಳಿ ಕಾದು ಕಾದು, ಕೊಡವನ್ನೂ ಕಾಣದೆ ಕರೆಯನ್ನೂ ಕೇಳದೆ ಮರಳಿದ್ದರು. ಬರಿಗೈಯಲ್ಲಿ ಬಂದವನು ಬರಿಬಾಯಲ್ಲಿ ಬರುತ್ತಾನೆಯೇ? ಅಲ್ಲಿಯ ಬಾವಿಗಳ ನೀರು ಉಪ್ಪು ಎಂದ ಒಬ್ಬ. ಪರಸ್ಥಳದವರನ್ನು ಕಂಡರೆ ನಾಯಿ ಛೂ ಬಿಡುತ್ತಾರೆ ಎಂದ ಇನ್ನೊಬ್ಬ. ಕಣ್ಣಾರೆ ಕಂಡವರು ಯಾರೂ ಇರಲಿಲ್ಲ, ಆದರೆ ಹೇಳುವವರಿಗೆ ಬರವಿರಲಿಲ್ಲ. ಹಟ್ಟಿಯ ತಾಯಂದಿರು ಹಟಮಾಡುವ ಕೂಸುಗಳಿಗೆ ಬಿಳಿಗುಡ್ಡಕ್ಕೆ ಕಳಿಸುತ್ತೇನೆ ಎಂದು ಹೆದರಿಸುವ ಮಟ್ಟಿಗೆ ಆ ಊರಿನ ಹೆಸರು ಕೆಟ್ಟಿತು.

ಒಂದು ವರ್ಷ ಒಬ್ಬ ಕುರಿಗಾರ ಅಣ್ಣಂದಿರಿಂದ ಬೇರೆಯಾದ. ಪಾಲಿಗೆ ಸಣ್ಣದೊಂದು ಹಿಂಡು ಬಂತು. ಅದರಲ್ಲಿ ಬಹಳವು ಗಬ್ಬದ ಕುರಿಗಳು. ದಾರಿಯಲ್ಲಿ ಮೇವು ನೀರು ಸಿಕ್ಕರೆ ಒಂದಕ್ಕೆ ಎರಡಾಗುವ ಹಿಂಡು, ಸಿಗದಿದ್ದರೆ ತಾಯಿಯೂ ಇಲ್ಲ, ಮರಿಯೂ ಇಲ್ಲ. ಅವನಿಗೂ ಅವನ ಹೆಂಡತಿಗೂ ಲೋಕದಲ್ಲಿ ಇದ್ದ ಆಸ್ತಿ ಅಷ್ಟೇ.

ಗುಡಿಯ ಮುಂದೆ ದಿಕ್ಕು ಹಂಚಿದರು. ಹೊಳೆಯ ದಂಡೆಯ ದಿಕ್ಕು, ಕೆರೆಯ ಕೆಳಗಿನ ದಿಕ್ಕು, ಎಲ್ಲವೂ ಹಳೆಯ ಮನೆಗಳಿಗೆ ಹೋದವು. ಪಂಕ್ತಿಯ ಕೊನೆಯಲ್ಲಿ ಕೂತವನಿಗೆ ತಳ ಹತ್ತಿದ ಅನ್ನ ಬರುವಂತೆ ಹೊಸದಾಗಿ ಬೇರೆಯಾದವನಿಗೆ ಬಿಳಿಗುಡ್ಡ ಬಂತು. ಹಿರಿಯ ಆ ಹೆಸರು ಹೇಳಿದಾಗ ತಲೆ ಎತ್ತಲಿಲ್ಲ. ಕೂತವರು ನಕ್ಕರು. ದೊಡ್ಡಣ್ಣ ಎಲ್ಲರಿಗೂ ಕೇಳುವಂತೆ ಹೇಳಿದ.

"ಹೋಗಿ ಬಾ ತಮ್ಮಾ. ಕುರಿ ಉಳೀಲಿಲ್ಲಂದ್ರ ಚಿಂತಿ ಮಾಡಬ್ಯಾಡ. ನಮ್ಮ ಹಿಂಡು ಕಾಯಾಕ ಒಂದು ಆಳು ಬೇಕಾಗೇತಿ."

ಕುರಿಗಾರ ಹಲ್ಲು ಕಚ್ಚಿಕೊಂಡು ಎದ್ದ. ಅಣ್ಣನ ಹಟ್ಟಿಯಲ್ಲಿ ಆಳಾಗಿ ನಿಲ್ಲುವುದಕ್ಕಿಂತ ಬಿಳಿಗುಡ್ಡದ ನಾಯಿಗಳೇ ವಾಸಿ ಎಂದುಕೊಂಡ.

ದಾರಿ ಉದ್ದವಿತ್ತು, ಮೇವು ತೆಳುವಿತ್ತು. ಬಿಳಿಗುಡ್ಡದ ಗಡಿಗಲ್ಲು ಮುಟ್ಟುವ ಹೊತ್ತಿಗೆ ಕುರಿಗಳ ಬೆನ್ನುಮೂಳೆ ಕೈಗೆ ಹತ್ತುತ್ತಿತ್ತು. ಕಟ್ಟಳೆಯಂತೆ ಅವನು ಹಿಂಡು ನಿಲ್ಲಿಸಿದ. ಕಲ್ಲಿನ ಈಚೆ ಕರಿಕಲ್ಲು, ಒಣಮುಳ್ಳು. ಆಚೆ ಜಾಲಿಯ ಮರಗಳು ಕಾಯಿ ತೂಗುತ್ತ ನಿಂತಿದ್ದವು. ಜಾಲಿಕಾಯಿ ಎಂದರೆ ಕುರಿಗೆ ಹಬ್ಬದೂಟ. ಕುರಿಗಳು ಅತ್ತ ಕತ್ತು ಚಾಚಿ ಕೂಗಿದವು. ಅವನು ಕೋಲು ಅಡ್ಡ ಹಿಡಿದು ತಡೆದ.

ಊರು ಕಣ್ಣಿಗೆ ಕಾಣುತ್ತಿತ್ತು. ಮನೆಮನೆಯ ಮೇಲೂ ಹೊಗೆ ಏಳುತ್ತಿತ್ತು. ಕೊಡ ಹೊತ್ತ ಹೆಂಗಸೊಬ್ಬಳು ದೂರದಲ್ಲಿ ನಿಂತು ನೋಡಿದಳು. ಬಂದಳು ಎಂದು ಅವನು ರುಮಾಲು ಸರಿಮಾಡಿಕೊಂಡ. ಅವಳು ಅವಸರದಿಂದ ಮನೆಯತ್ತ ತಿರುಗಿದಳು. ಅಂದು ಯಾರೂ ಬರಲಿಲ್ಲ. ಮರುದಿನವೂ ಹೊಗೆ ಎದ್ದಿತು, ಜನ ಬರಲಿಲ್ಲ. ಹಿಂದಿನವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ ಎಂದುಕೊಂಡ. ಹೆಂಡತಿ ಹೇಳಿ ನೋಡಿದಳು.

"ಹೊಗಿ ಏಳತೈತಿ, ಜನ ಅದಾರ. ಹೋಗಿ ಒಂದು ಮಾತು ಕೇಳಿ ಬರ್ರಿ."

"ಕರೀದ ಹೋಗಾಕ ನಾ ಏನು ಭಿಕ್ಷಾದಾಂವ?"

ಅವಳು ಖಾಲಿ ಗಡಿಗೆಯನ್ನು ಅವನ ಕಣ್ಣಿಗೆ ಬೀಳುವ ಹಾಗೆ ಬೋರಲು ಹಾಕಿದಳು, ಅಷ್ಟೇ. ಗಂಡನನ್ನು ಬಲ್ಲ ಹೆಂಗಸು.

ಮಧ್ಯಾಹ್ನದ ಹೊತ್ತಿಗೆ ಒಂದು ಕುರಿ ಈದಿತು. ತಾಯಿಗೆ ನೀರಿಲ್ಲ, ಕೆಚ್ಚಲಲ್ಲಿ ಹಾಲಿಲ್ಲ. ಮರಿ ಎದ್ದು ನಿಲ್ಲಲು ನೋಡಿತು, ಬಿತ್ತು, ಮತ್ತೆ ನೋಡಿತು. ಅದರ ಹಿಂದೆ ಇನ್ನೂ ಈಯಬೇಕಾದ ಕುರಿಗಳು ನೆರಳಿಲ್ಲದ ನೆಲದಲ್ಲಿ ಬಾಯಿ ತೆರೆದು ಮಲಗಿದ್ದವು. ಕುರಿಗಾರ ಬಹಳ ಹೊತ್ತು ಗಡಿಗಲ್ಲನ್ನೇ ನೋಡುತ್ತ ನಿಂತ. ಅಪ್ಪ ಅಜ್ಜಂದಿರು ದಾಟದ ಕಲ್ಲು. ಕಳ್ಳ ಎನ್ನಿಸಿಕೊಳ್ಳುವ ಹೆದರಿಕೆ ಅವನಿಗೆ ಸಾಯುವ ಹೆದರಿಕೆಗಿಂತ ದೊಡ್ಡದಿತ್ತು. ಆದರೆ ಸಾಯುತ್ತಿದ್ದುದು ತಾನಲ್ಲ, ಮರಿ. ಅವನ ಮಾನಕ್ಕೆ ಮರಿ ಏಕೆ ಸಾಯಬೇಕು?

ಅವನು ಮರಿಯನ್ನು ಹೆಗಲ ಮೇಲೆ ಹಾಕಿಕೊಂಡ, ಖಾಲಿ ಗಡಿಗೆ ಎತ್ತಿಕೊಂಡ, ಗಡಿ ದಾಟಿದ. ನಾಯಿ ಬರಬಹುದೆಂದು ಕೋಲು ಗಟ್ಟಿಯಾಗಿ ಹಿಡಿದಿದ್ದ. ನಾಯಿ ಬಂತು. ಕಾಲು ಮೂಸಿತು. ಬಾಲ ಅಲ್ಲಾಡಿಸುತ್ತ ದಾರಿ ತೋರಿಸುವ ಹಾಗೆ ಮುಂದೆ ಹೊರಟಿತು.

ಮೊದಲ ಮನೆಯ ಹೊಸ್ತಿಲಲ್ಲಿ ಒಬ್ಬಳು ಮುದುಕಿ ನಿಂತಿದ್ದಳು. ಅವಳು ಕೈ ಮುಗಿಯಲಿಲ್ಲ, ಯಾರು ಏನು ಎಂದು ವಿಚಾರಿಸಲಿಲ್ಲ. ಕಂಡ ಕೂಡಲೇ ಬೈದಳು.

"ಈಗ ಬಂದ್ಯಾ? ನಿನ್ನಿಯಿಂದ ಕಲ್ಲಿನ ಹಂತ್ಯಾಕ ನಿಂತೀರಿ. ಒಳಗ ಬರಾಕ ಏನು ಧಾಡಿ? ಇಷ್ಟು ವರ್ಷಾ ಯಾಕ ಬರಲಿಲ್ಲ? ನಮ್ಮ ನೀರು ನಿಮಗ ಸೇರಂಗಿಲ್ಲೇನು?"

ಕುರಿಗಾರ ಗಡಿಗೆ ಕೆಳಗಿಟ್ಟು ಹೇಳಿದ. "ಯಾರೂ ಕೊಡ ತಗೊಂಡು ಕರಿಯಾಕ ಬರಲಿಲ್ಲ ಯವ್ವಾ. ನಾವು ಕರೀದ ಗಡಿ ದಾಟಂಗಿಲ್ಲ."

ಮುದುಕಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯ ನನ ಶಿವನ! ನಮ್ಮ ಊರಾಗ ತುಂಬಿದ ಕೊಡ ಗಡಿಗಲ್ಲಿನ ತನಕಾ ಒಯ್ಯೂದು ಸತ್ತವರನ್ನ ಕಳಿಸಾಕ. ಜೀವಂತ ಇದ್ದವರ ಎದುರಿಗೆ ಕೊಡ ತಂದ್ರ ಸಾಯಿ ಅಂದಂಗ ಅಲ್ಲೇನೋ ಯಪ್ಪಾ? ಬರಾವ್ರು ಹೊಸ್ತಲಕ್ಕ ಬರಬೇಕು, ಉಣ್ಣಾಕ ನೀಡೂದು ನಮ್ಮ ಕೆಲಸ. ಕುರಿ ಕಂಡಾಗೆಲ್ಲಾ ಮನಿಮನಿಗೂ ಎಸರಿಟ್ಟು ಕಾಯತೀವಿ. ನೀವು ಮಾರಿ ತಿರುವಿ ಹೋಗತೀರಿ."

ಕುರಿಗಾರ ತಲೆ ಎತ್ತಿ ಹೊಗೆಯನ್ನು ನೋಡಿದ. ಅಷ್ಟೂ ಒಲೆಗಳು ತನಗಾಗಿ ಉರಿದಿದ್ದವು. ಅವನಿಗೆ ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಮುದುಕಿ ಅವನ ಹೆಗಲಿನಿಂದ ಮರಿಯನ್ನು ಕಿತ್ತುಕೊಂಡು, ಅತ್ತದ್ದು ಸಾಕು, ಮೊದಲು ಕುರಿಗಳಿಗೆ ನೀರು ತೋರಿಸು ಎಂದು ಗದರಿದಳು. ಅವನು ಬಾವಿಯ ನೀರನ್ನು ಬೊಗಸೆಯಲ್ಲಿ ಕುಡಿದ. ಅಷ್ಟು ಸಿಹಿನೀರನ್ನು ಅವನು ಹೊಳೆಯಲ್ಲೂ ಕುಡಿದಿರಲಿಲ್ಲ.

ಮುಂದಿನದನ್ನು ಏನೆಂದು ಹೇಳುವುದು! ಹಿಂಡು ಊರೊಳಗೆ ಬಂದಾಗ ಜನ ಹಲಗೆ ಬಾರಿಸಿದರು. ಮೊದಲು ನಮ್ಮ ಹೊಲ, ಮೊದಲು ನಮ್ಮ ಹೊಲ ಎಂದು ರೈತರು ಅಂಗಿ ಹಿಡಿದು ಜಗಳಾಡಿದರು. ಆ ಹೊಲಗಳು ಕುರಿಯ ಗೊಬ್ಬರ ಕಂಡು ಒಂದು ತಲೆಮಾರೇ ಕಳೆದಿತ್ತು. ಯಾವ ಹಿಂಡೂ ಮುಟ್ಟದ ಜಾಲಿಕಾಯಿ ಮರದಡಿ ಹಾಸಿ ಬಿದ್ದಿತ್ತು. ಕುರಿಗಳು ಮೇಯ್ದು ಮೇಯ್ದು ಅಲ್ಲೇ ಮಲಗಿದವು. ಗಬ್ಬದ ಕುರಿಗಳು ಒಂದಾದ ಮೇಲೊಂದು ಈದವು, ಎಷ್ಟೋ ಕುರಿಗಳಿಗೆ ಅವಳಿ. ಕುರಿಗಾರನ ಹೆಂಡತಿ ದಿನಕ್ಕೊಂದು ಮನೆಯಲ್ಲಿ ರೊಟ್ಟಿ ಉಂಡಳು. ಬೇಡವೆಂದರೆ ಆ ಮನೆಯವರು ಮುನಿಸಿಕೊಳ್ಳುತ್ತಿದ್ದರು. ಹಟ್ಟಿಗೆ ಮರಳುವ ಹೊತ್ತಿಗೆ ಅವಳ ಬಳೆ ಕೈಗೆ ಬಿಗಿಯಾಗಿದ್ದವು.

ಮೊದಲ ಮೋಡ ಕಂಡಾಗ ಕುರಿಗಾರರೆಲ್ಲ ಬೀರಪ್ಪನ ಗುಡಿಗೆ ಮರಳಿದರು. ಹೊಳೆದಂಡೆಯ ದಿಕ್ಕಿನವರು ಬಂದರು, ಕೆರೆಯ ಕೆಳಗಿನವರು ಬಂದರು. ಆ ದಿಕ್ಕುಗಳಲ್ಲಿ ವರ್ಷದ ಮೇಲೆ ವರ್ಷ ಹಿಂಡು ಮೇಯ್ದು ಮೇವು ಸವೆದಿತ್ತು. ಕುರಿಗಳು ಹೋದ ಹಾಗೆಯೇ ಬಂದಿದ್ದವು. ಕಡೆಗೆ ದೂರದಲ್ಲಿ ಧೂಳೆದ್ದಿತು. ಯಾರದೋ ದೊಡ್ಡ ಹಿಂಡು ಎಂದರು ಕೂತವರು. ಹಿಂಡು ಹತ್ತಿರ ಬಂತು. ಮುಂದಿನ ಟಗರು ಗುಡಿಯ ಮೆಟ್ಟಿಲು ಮುಟ್ಟಿದರೂ ಹಿಂದಿನ ಮರಿಗಳು ಇನ್ನೂ ಧೂಳಿನಲ್ಲಿದ್ದವು. ನಡುವೆ ಕುರಿಗಾರ ರುಮಾಲು ಏರಿಸಿ ಕಟ್ಟಿಕೊಂಡು, ಗಂಟಲು ಬಿಟ್ಟು ಹಾಡುತ್ತ ಬರುತ್ತಿದ್ದ. ಜನ ತಡೆಯಲಾರದೆ ಎದ್ದು ನಿಂತು ಅವನ ಮೇಲೆ ಭಂಡಾರ ಎರಚಿದರು. ಮನುಷ್ಯನೂ ಕುರಿಯೂ ಅರಿಸಿನದಲ್ಲಿ ಹಳದಿಯಾದರು. ದೊಡ್ಡಣ್ಣ ಎದುರಿಗೆ ಬಂದು ತಮ್ಮನ ಕೈಯ ಕೋಲನ್ನು ತಾನು ಹಿಡಿದುಕೊಂಡು ಹಿಂಡು ತಿರುಗಿಸಿ ನಿಲ್ಲಿಸಿದ.

ನಡೆದದ್ದನ್ನೆಲ್ಲ ಕುರಿಗಾರ ಮುಚ್ಚಿಡದೆ ಹೇಳಿದ. ದಿಕ್ಕು ತನ್ನದಾದರೂ ಅಲ್ಲಿ ಇನ್ನೂ ಹತ್ತು ಹಿಂಡಿಗೆ ಹೊಲವಿದೆ, ಬರುವವರು ಬರಲಿ ಎಂದ. ನಕ್ಕಿದ್ದವರೇ ನಾ ಮುಂದೆ ತಾ ಮುಂದೆ ಎಂದರು. ದಿಕ್ಕು ಹಂಚಿದ ಹಿರಿಯ ಮಾತ್ರ ತಲೆ ತಗ್ಗಿಸಿ ಕೂತಿದ್ದ. ಪ್ರಾಯದಲ್ಲಿ ಬಿಳಿಗುಡ್ಡದ ಗಡಿಯಿಂದ ಮೊಟ್ಟಮೊದಲು ಮರಳಿ ಬಂದವನು ಅವನೇ. ಬರುವ ದಾರಿಯಲ್ಲಿ ಅವನ ಅರ್ಧ ಹಿಂಡು ಸತ್ತಿತ್ತು.

"ಆ ಹೊಗಿ ನಾನೂ ನೋಡಿದ್ದೆ," ಎಂದ ಹಿರಿಯ. "ತಮಗ ಅಡಗಿ ಮಾಡಕೊಳ್ಳಾಕತ್ಯಾರ ಅನಕೊಂಡೆ."

ಅಜ್ಜಾರು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಗುರುಪಾದ, ಕುರಿಗಾರರ ಮಾತು ಬೇರೆ, ಮಠದ ಮರ್ಯಾದೆ ಬೇರೆ ಎಂದು ಹೇಳಲು ಬಾಯಿ ತೆರೆದ. ಅಜ್ಜಾರು ಅವನ ಗಂಟನ್ನು ಎತ್ತಿ ಅವನ ಮಡಿಲಿಗಿಟ್ಟರು.

"ಇಷ್ಟು ದಿನಾ ಯಾಕ ಬರಲಿಲ್ಲ ಅಂತ ಆ ಊರಾವ್ರು ಕೇಳತಾರ, ಏನು ಹೇಳಬೇಕು ಅನ್ನೂದನ್ನ ದಾರಿಯಾಗ ಯೋಚನೆ ಮಾಡಕೋತ ಹೋಗು."