ತಾತನವರ ಕೊರಳಲ್ಲಿ ಕರಡಿಯ ಪಟ್ಟಿ

ಗುಡ್ಡದ ಬುಡದಲ್ಲಿ, ಹಳೇ ಬಾವಿಯ ಪಕ್ಕದ ತಗಡಿನ ಚಪ್ಪರದಲ್ಲಿ ಶ್ರೀ ಬಯಲಪ್ಪ ತಾತನವರು ಎಂಬ ಸಾಧು ವಾಸವಾಗಿದ್ದರು. ಒಂದು ಕಂಬಳಿ, ಒಂದು ಮಣ್ಣಿನ ಗಡಿಗೆ. ಅವರ ಸಂಸಾರ ಅಷ್ಟೇ. ದೊಡ್ಡ ದೊಡ್ಡ ಮಠಗಳನ್ನು ನಾನೂ ನೋಡಿದ್ದೇನೆ. ಎದೆ ತಟ್ಟಿ ಹೇಳುತ್ತೇನೆ, ನಮ್ಮ ಕಾರಲಗಟ್ಟಿಯ ತಾತನವರಂಥವರು ಇನ್ನೊಂದು ಊರಿಗೆ ಸಿಕ್ಕಿಲ್ಲ. ಈ ಪ್ರಸಂಗವನ್ನು ನನಗೆ ಹೇಳಿದವನು ನಮ್ಮಜ್ಜ, ಕುರುಬರ ಗಾದಿಲಿಂಗಪ್ಪ. ಕುರಿ ವಾಸನೆಯ ಅವನ ಕಂಬಳಿಯಲ್ಲಿ ಮುಖ ಹುದುಗಿಸಿಕೊಂಡು ಎಷ್ಟು ಸಲ ಕೇಳಿದ್ದೇನೋ! ಈಗ ಆ ಕಂಬಳಿಯೂ ಇಲ್ಲ, ಹೇಳುವ ಅಜ್ಜನೂ ಇಲ್ಲ.

ನಮ್ಮಜ್ಜನ ಹಿಂಡೆಂದರೆ ಸುತ್ತಲಿನ ಹಳ್ಳಿಗೆಲ್ಲ ಹೆಸರು. ಅದನ್ನು ಕಾಯುವ ನಾಯಿಗಳಲ್ಲಿ ಕರಡಿ ಎಂಬುದೊಂದು. ಮೈತುಂಬ ಜೂಲು. ತೋಳ ಬಾಯಿ ಹಾಕದಂತೆ ಕೊರಳಿಗೊಂದು ಪಟ್ಟಿ: ಹೊರಗೆ ಕಬ್ಬಿಣದ ಮುಳ್ಳು, ಒಳಗೆ ದಪ್ಪ ತೊಗಲು. ಮೈಲಾರಲಿಂಗನ ಹೆಸರು ಹೇಳಿ, ಭಂಡಾರದ ಅರಿಶಿನ ಹಚ್ಚಿ ಕಟ್ಟಿದ ಪಟ್ಟಿ ಅದು. ಒಮ್ಮೆ ಕಟ್ಟಿದರೆ ನಾಯಿ ಸಾಯುವ ತನಕ ಬಿಚ್ಚಬಾರದು, ಬಿಚ್ಚಿದರೆ ನಾಯಿ ತೋಳದ ಪಾಲು ಎಂಬುದು ನಮ್ಮವರ ನಂಬಿಕೆ.

ಆ ವರ್ಷ ಜಡಿಮಳೆ ಹಿಡಿಯಿತು. ಪಟ್ಟಿಯ ಕೆಳಗೆ ಕೂದಲು ಉದುರಿ, ಅಂಗೈಯಗಲ ಕೆಂಪಗೆ ಹಸಿ ಹುಣ್ಣಾಯಿತು. ಕೀವು, ನೊಣ. ಕರಡಿ ಹಗಲೆಲ್ಲ ಕೆರೆದುಕೊಳ್ಳುತ್ತಿತ್ತು, ಮುದ್ದೆ ಹಾಕಿದರೆ ಮೂಸುತ್ತಲೂ ಇರಲಿಲ್ಲ. ಅಜ್ಜ ಲಾರಿಯ ಸುಟ್ಟ ಆಯಿಲ್ ತಂದು ಹಚ್ಚಿದ. ಹುಣ್ಣು ಇನ್ನಷ್ಟು ಹರಡಿತು. ಇನ್ನು ಉಳಿದದ್ದು ಕಾದ ಕುಡುಗೋಲಿನ ಬರೆಯೊಂದೇ. ನಮ್ಮಜ್ಜಿ ಹುಲಿಗೆಮ್ಮ ಅಡ್ಡ ನಿಂತಳು: “ಸೊರಗಿದ ನಾಯಿ, ಬರೆ ಹಾಕಿದ್ರ ಸಾಯ್ತೈತಿ. ಮೊದಲು ತಾತಾರ ಹತ್ರ ಒಯ್ಯಿ.”

ಅಜ್ಜನಿಗೆ ಸಾಧು ಸಂತರೆಂದರೆ ಅಷ್ಟಕ್ಕಷ್ಟೇ. ನಾಯಿಯನ್ನು ಎಳೆದುಕೊಂಡು ಬಂದವನು ನಮಸ್ಕಾರವನ್ನೂ ಮಾಡದೆ ಕೇಳಿದ: “ಏನ್ರಿ ತಾತಾರ, ನಿಮ್ಮ ವಿಭೂತಿ ಮನುಷ್ಯಾರಿಗಷ್ಟ ಏನು, ನಾಯಿಗೂ ನಡಿತೈತೋ? ವಾಸಿ ಮಾಡ್ರಿ ನೋಡಾಣ. ಇಲ್ಲಂದ್ರ ಕುಡುಗೋಲು ಒಲ್ಯಾಗ ಇಟ್ಟು ಬಂದೀನಿ.”

ತಾತನವರು ವಿಭೂತಿಯನ್ನು ಮುಟ್ಟಲಿಲ್ಲ. ಯಾರು ಹತ್ತಿರ ಹೋದರೂ ಹಲ್ಲು ಕಿರಿಯುವ ಕರಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಪಟ್ಟಿಯನ್ನು ಮೆಲ್ಲಗೆ ಸರಿಸಿ ನೋಡಿದರು.

“ಇದನ್ನ ಬಿಚ್ಚಪ್ಪಾ.”

“ಬಿಚ್ಚಂಗಿಲ್ರಿ. ಮೈಲಾರನ ಹೆಸರಿಲೆ ಕಟ್ಟಿದ್ದು.”

“ಮೈಲಾರನಿಗೆ ನಾನೂ ಒಂದು ನಾಯಿ. ನನ್ನ ಕೊರಳಿಗೆ ಕಟ್ಟು.”

ಅಜ್ಜ ತಬ್ಬಿಬ್ಬಾದ. ಹಿಂದೆಯೇ ಬಂದಿದ್ದ ಅಜ್ಜಿ, “ಕಟ್ಟು ಮತ್ತ! ಬಾಯಿ ದೊಡ್ಡದು ಮಾಡಿದಿ, ಈಗ್ಯಾಕ ಹಿಂದ ಸರಿತಿ?” ಎಂದು ಚುಚ್ಚಿದಳು. ಆ ರೋಷಕ್ಕೆ ಕಟ್ಟಿಯೇಬಿಟ್ಟ.

ತಾತನವರು ಕುರಿ ಉಣ್ಣೆ ಕತ್ತರಿಸುವ ಅಜ್ಜನ ಕತ್ತರಿಯನ್ನೇ ತರಿಸಿ ಹುಣ್ಣಿನ ಸುತ್ತಲ ಜೂಲನ್ನು ತೆಗೆದರು. ಬೇವಿನೆಲೆ ಕುದಿಸಿ ಆರಿಸಿದ ನೀರಿನಿಂದ ತೊಳೆದು, ಒಣಬಟ್ಟೆ ಒತ್ತಿ, ಗಾಳಿಗೆ ಬಿಟ್ಟರು. ಕೆರೆದುಕೊಳ್ಳಬಾರದೆಂದು ಹಿಂಗಾಲಿನ ಉಗುರುಗಳಿಗೆ ಅರಿವೆ ಸುತ್ತಿದರು. ಕರಡಿಯನ್ನು ಚಪ್ಪರದಲ್ಲೇ ಇಟ್ಟುಕೊಂಡು ದಿನಾ ಇದೇ ಸೇವೆ. ಕೊರಳಲ್ಲಿ ಮುಳ್ಳಿನ ಪಟ್ಟಿ, ಮೇಲೆ ಸುರಿಯುವ ಮಳೆ. ದರ್ಶನಕ್ಕೆ ಬಂದವರು ನೋಡಿ ಮರುಗಿದರೆ ಸುಮ್ಮನೆ ನಗುತ್ತಿದ್ದರು.

ಹುಣ್ಣು ಒಣಗಿತು. ಹೊಸ ಚರ್ಮ ಬಂತು. ಅಜ್ಜ ಬಂದಾಗ ಕರಡಿ ಬಾಲ ಬಡಿಯುತ್ತಾ ಬಂದು ಅವನ ಎದೆಗೇ ಕಾಲಿಟ್ಟಿತು. “ನೋಡಿದಿರೇನ್ರಿ, ಮೈಲಾರ ಕೈ ಬಿಡಲಿಲ್ಲ!” ಎನ್ನುತ್ತಾ ಅಜ್ಜ ಪಟ್ಟಿಯನ್ನು ಮತ್ತೆ ನಾಯಿಗೆ ಕಟ್ಟಲು ತಾತನವರ ಕೊರಳಿನಿಂದ ಬಿಚ್ಚಿದ.

ನೆನೆದ ತೊಗಲಿನ ಕೆಳಗೆ ಅದೇ ಹುಣ್ಣು. ಅಷ್ಟೇ ಅಗಲ, ಅಷ್ಟೇ ಕೆಂಪು.

“ಉರಿತೈತೇನ್ರಿ ತಾತಾರ?” ಅಜ್ಜ ಕೇಳಿದ.

“ಅವನಿಗೂ ಉರಿತಿತ್ತಪ್ಪಾ. ಹೇಳಾಕ ಬಾಯಿ ಇರಲಿಲ್ಲ.”

ತೋಳದ ಮುಂದೆ ಬಡಿಗೆ ಹಿಡಿದು ನಿಂತ ಗಂಡುಗಲಿ ನಮ್ಮಜ್ಜ, ಅವತ್ತು ಆ ಕೆಸರಿನಲ್ಲೇ ಮಂಡಿಯೂರಿ ಗಳಗಳನೆ ಅತ್ತ. ತಲೆಯ ರುಮಾಲು ಬಿಚ್ಚಿ, ಗಡಿಗೆಯ ಬೇವಿನ ನೀರಿನಲ್ಲಿ ಅದ್ದಿ, ತಾತನವರ ಕೊರಳನ್ನು ತಾನೇ ತೊಳೆದ.

ಕರಡಿಗೆ ಪಟ್ಟಿ ಬೇಕೇ ಬೇಕಿತ್ತು, ತೋಳಗಳೇನು ಊರು ಬಿಟ್ಟು ಹೋಗಿರಲಿಲ್ಲ. ಆದರೆ ಅಲ್ಲಿಂದ ಮುಂದೆ ಬದುಕಿರುವ ತನಕ, ಬೆಳಕು ಹರಿದ ಕೂಡಲೇ ಅಜ್ಜ ಎದ್ದು ಒಂದೊಂದೇ ನಾಯಿಯ ಪಟ್ಟಿ ಬಿಚ್ಚಿ, ಕೊರಳು ಒರೆಸಿ, ಜೂಲು ಬಿಡಿಸಿ ನೋಡುತ್ತಿದ್ದ. ಆಮೇಲೆಯೇ ತನ್ನ ಮುಖ ತೊಳೆಯುತ್ತಿದ್ದ. ಅದೇ ಅವನ ಪೂಜೆ.