ಕಾಂತೇಶ ಹೊಲಿಸಿದ ಅಂಗಿ

ವರದಾ ನದಿಯ ದಂಡೆಯ ಮೇಲೆ ವಾಮದೇವಯ್ಯನವರ ಆಶ್ರಮವಿತ್ತು. ಅಯ್ಯನವರು ನಾಡಿ ನೋಡಿ ಔಷಧ ಕೊಡುವವರು. ಕೆಲವು ಶಿಷ್ಯರು ಅವರ ಬಳಿಯೇ ಇದ್ದು ವೈದ್ಯ ಕಲಿಯುತ್ತಿದ್ದರು.

ಅವರಲ್ಲಿ ಕಾಂತೇಶನ ಕಲಿಕೆ ಮುಗಿದಿತ್ತು. ಮುಗಿಯಿತೆಂದು ಹೇಳಿದವರು ಗುರುಗಳಲ್ಲ, ಕಾಂತೇಶನೇ.

ಪೇಟೆಯಲ್ಲಿ ಅವನ ಸೋದರಮಾವ ಬೀದಿಗೆ ಮುಖವಿದ್ದ ಒಂದು ಕೋಣೆಯನ್ನು ವೈದ್ಯ ನಡೆಸಲೆಂದು ಹಿಡಿದಿಟ್ಟಿದ್ದ. ಇನ್ನು ಗುರುಗಳ ಅಪ್ಪಣೆಯೊಂದು ಬಾಕಿ. ಅಪ್ಪಣೆಯಿಲ್ಲದೆ ಆ ಆಶ್ರಮ ಬಿಟ್ಟುಹೋದವನ ಹತ್ತಿರ ಸುತ್ತಲ ಊರಿನವರು ಕೆಮ್ಮಿಗೂ ಔಷಧ ಕೇಳುತ್ತಿರಲಿಲ್ಲ.

ಒಂದು ಮುಂಜಾನೆ ಅವನು ಗುರುಗಳ ಮುಂದೆ ಕೈಮುಗಿದು ಕೂತ.

“ಅಜ್ಜಾರ, ಪ್ಯಾಟಿಗೆ ಹೋಗಬೇಕಂತ ಮಾಡೀನ್ರಿ. ಅಪ್ಪಣಿ ಕೊಡ್ರಿ.”

ಅಯ್ಯನವರು ಬೇರು ಕುಟ್ಟುತ್ತಿದ್ದರು. ಕುಟ್ಟುವುದನ್ನು ನಿಲ್ಲಿಸಲಿಲ್ಲ.

“ಅಲ್ಲಿ ಏನ ಉಡಾಂವ, ತಮ್ಮಾ?”

ನಾಡಿಯ ಬಗ್ಗೆ ಕೇಳಿದ್ದರೆ ಕಾಂತೇಶ ಹೇಳುತ್ತಿದ್ದ. ಬೇರು ತೊಗಟೆಗಳ ಬಗ್ಗೆ ಕೇಳಿದ್ದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದ. ಇದನ್ನು ಮಾತ್ರ ಅವನು ಓದಿಕೊಂಡು ಬಂದಿರಲಿಲ್ಲ.

“ಮಾವ ಎಲ್ಲಾ ಕಳಿಸ್ಯಾನ್ರಿ. ಜರಿ ರುಮಾಲು, ಕೋಟು, ಶಾಲು, ಗಂಜಿ ಹಾಕಿದ ಧೋತರ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾನ್ರಿ.”

“ಖರೇ ಐತಿ,” ಎಂದರು ಅಯ್ಯನವರು. “ಹಂಗಾರ ಇವತ್ತ ಅದನ್ನ ಉಟಗೊಂಡು ಬಾ. ರೋಗಿಗಳನ್ನ ನೀನ ನೋಡು. ನಾ ಮೂಲ್ಯಾಗ ಕುಂತಿರತೀನಿ.”

ಕಾಂತೇಶ ಉಟ್ಟು ಬಂದ. ಹಿಗ್ಗಿನಿಂದ ಅವನ ನಡಿಗೆಯೇ ಬದಲಾಗಿತ್ತು. ಧೋತರ ಹೆಜ್ಜೆಗೊಮ್ಮೆ ಸರಬರ ಎನ್ನುತ್ತಿತ್ತು. ಜೊತೆಯ ಶಿಷ್ಯರು ಎದ್ದು ನಿಂತು, ಆಮೇಲೆ ಇವನು ನಮ್ಮ ಕಾಂತೇಶನೇ ಎಂದು ಗೊತ್ತಾಗಿ ನಗುತ್ತ ಕೂತರು.

ಮೊದಲು ಬಂದವಳು ಹೊಳೆಯಾಚೆ ಊರಿನ ಫಕೀರವ್ವ. ಕಂಕುಳಲ್ಲಿ ಬಡಕಲು ಕೂಸು. ಎದುರಿಗೆ ಕೂತವನ ರುಮಾಲು ಕಂಡದ್ದೇ ತಡ, ಅವಳು ಸೆರಗು ಮುಂದೆಳೆದುಕೊಂಡು ತಲೆ ತಗ್ಗಿಸಿದಳು. ಆಮೇಲೆ ಆ ತಲೆ ಮೇಲೇಳಲಿಲ್ಲ.

“ಕೂಸು ಛಲೋತ್ನಾಗಿ ಉಣತೈತೇನು?”

“ಹೌದ್ರಿ.”

“ಸರಿಯಾಗಿ ಮಲಗತೈತೇನು?”

“ಹೌದ್ರಿ.”

“ಬ್ಯಾರೆ ಏನರ ತಿನ್ನತೈತೇನು?”

“ಇಲ್ರಿ... ಹೌದ್ರಿ.”

ಎಲ್ಲದಕ್ಕೂ ಹೌದು ಎನ್ನುವವಳ ಮುಂದೆ ವೈದ್ಯನಾದವನು ಮಾಡುವುದಾದರೂ ಏನು? ಕಾಂತೇಶ ಶಾಲನ್ನು ಹೆಗಲಿಗೆ ಏರಿಸಿಕೊಂಡು ಕೂಸಿನ ಹೊಟ್ಟೆ ಮುಟ್ಟಲು ಬಗ್ಗಿದ. ಶಾಲು ಜಾರಿತು. ಮತ್ತೆ ಏರಿಸಿದ. ಅಷ್ಟರಲ್ಲಿ ಕೂಸು ಒಮ್ಮೆ ಬಿಕ್ಕಿ ವಾಂತಿ ಮಾಡಿತು.

ಕಾಂತೇಶ ಛಕ್ಕನೆ ಹಿಂದೆ ಸರಿದ.

ಮೂಲೆಯಲ್ಲಿದ್ದ ಅಯ್ಯನವರು ಯಾವಾಗ ಎದ್ದರೋ ಯಾರಿಗೂ ತಿಳಿಯಲಿಲ್ಲ. ಕೂಸು ಅವರ ತೋಳಿನಲ್ಲಿತ್ತು. ಅದರ ಬಾಯಿ ಒರೆಸಿ, ಹಸಿಶುಂಠಿಯ ರಸ ನೆಕ್ಕಿಸಿ, ಮತ್ತೆ ಬಾ ಎಂದು ಫಕೀರವ್ವನನ್ನು ಕಳಿಸಿಕೊಟ್ಟರು.

ಸಂಜೆ ಗುರುಗಳು ಕೈತೊಳೆಯಲು ಹೊಳೆಗಿಳಿದಾಗ ಕಾಂತೇಶ ಹಿಂದೆಯೇ ಹೋದ.

“ತಪ್ಪಾತ್ರಿ ಅಜ್ಜಾರ. ನಾ ಹಿಂದ ಸರದೆ.”

“ನೀ ಎಲ್ಲಿ ಸರದಿ? ಕೋಟು ಸರೀತು. ನೀ ಅದರೊಳಗ ಇದ್ದಿ, ಅಷ್ಟ.”

ಅಪ್ಪಣೆಯ ಮಾತನ್ನು ಆ ದಿನ ಗುರುಗಳೂ ಎತ್ತಲಿಲ್ಲ, ಶಿಷ್ಯನೂ ಎತ್ತಲಿಲ್ಲ.

ಕಾಂತೇಶನಿಗೆ ನಾಚಿಕೆಯಾಯಿತು. ಬಹಳವೇ ನಾಚಿಕೆಯಾಯಿತು. ಮಾವ ಕಳಿಸಿದ್ದನ್ನೆಲ್ಲ ಟ್ರಂಕಿಗೆ ತುಂಬಿ ಅಟ್ಟಕ್ಕೆ ಹಾಕಿದ. ಕೊಟ್ಟಿಗೆಯ ಗೂಟಕ್ಕೆ ಜೋತುಬಿದ್ದಿದ್ದ ಹರಕು ಕಂಬಳಿಯನ್ನು ಕೊಡವಿ ಹೊದ್ದುಕೊಂಡ. ಗಡ್ಡ ಬಿಟ್ಟ. ತಲೆ ಬಾಚುವುದನ್ನು ಬಿಟ್ಟ. ಇನ್ನು ಯಾವ ಅರಿವೆಯೂ ತನ್ನನ್ನು ಹಿಂದೆ ಸರಿಸಲಾರದು ಎಂದುಕೊಂಡ.

“ಕಾಂತೇಶಗ ವೈರಾಗ್ಯ ಬಂತು ನೋಡ್ರಲೇ,” ಎಂದರು ಜೊತೆಯವರು.

ಆ ಮಾತು ಅವನಿಗೆ ಹಿತವಾಗಿ ಕೇಳಿಸಿತು. ಮರುದಿನ ಕಂಬಳಿಯ ತೂತು ಸಣ್ಣದೆನಿಸಿ, ಬೆರಳು ಹಾಕಿ ತುಸು ದೊಡ್ಡದು ಮಾಡಿಕೊಂಡ. ಹೊಳೆಯ ನಿಂತ ನೀರಿನಲ್ಲಿ ಒಮ್ಮೆ ನೋಡಿಕೊಂಡೂ ಬಂದ.

ಗಡ್ಡ ಮುಖ ತುಂಬುವ ಹೊತ್ತಿಗೆ ಫಕೀರವ್ವ ಮತ್ತೆ ಬಂದಳು. ಅಯ್ಯನವರು ಪಕ್ಕದೂರಿಗೆ ಹೋಗಿದ್ದರು. ಕೂಸು ಇನ್ನೂ ಬಡಕಲಾಗಿಯೇ ಇತ್ತು.

ಈ ಸಲ ಕಾಂತೇಶ ತಾನೇ ಮುಂದೆ ಹೋಗಿ ಎರಡೂ ಕೈ ಚಾಚಿದ.

ಫಕೀರವ್ವ ಅವನ ಉಗುರು ನೋಡಿದಳು. ಕಂಬಳಿ ನೋಡಿದಳು. ಅದರ ವಾಸನೆಯೂ ಅವಳಿಗೆ ಮುಟ್ಟಿತು. ಕೂಸು ಕಿಟಾರನೆ ಕಿರುಚಿ ತಾಯಿಯ ಕುತ್ತಿಗೆ ಅಪ್ಪಿಕೊಂಡಿತು. ಅವಳು ಅದನ್ನು ಸೆರಗಿನೊಳಗೆ ಎಳೆದುಕೊಂಡು ಹಿಂದೆ ಸರಿದಳು.

“ದೊಡ್ಡ ಅಜ್ಜಾರು ಇಲ್ಲೇನ್ರಿ?”

“ಇಲ್ಲವ್ವಾ. ನಾನೂ ವೈದ್ಯನ ಅದೀನಿ.”

“ಇರಲಿ ಬಿಡ್ರಿ. ಇನ್ನೊಮ್ಮೆ ಬರತೀನಿ,” ಎಂದವಳು ದೋಣಿಯ ಕಡೆಗೆ ಬಿರಬಿರನೆ ನಡೆದಳು.

ತಿರುಗಿ ಬಂದ ಅಯ್ಯನವರಿಗೆ ಕಾಂತೇಶ ಎಲ್ಲವನ್ನೂ ಹೇಳಿದ. ಅವರು ಕೂಡಲೇ ದೋಣಿಯವನ ಮೂಲಕ ಅವಳಿಗೆ ಹೇಳಿಕಳಿಸಿದರು. ಅವಳು ಆಗಲೇ ಕೂಸನ್ನೆತ್ತಿಕೊಂಡು ತವರಿಗೆ ಹೋಗಿದ್ದಾಳೆ, ಹುಣ್ಣಿಮೆಗೆ ಬರುತ್ತಾಳೆ ಎಂದು ಉತ್ತರ ಬಂತು.

ಕಾಂತೇಶ ಕಂಬ ಒರಗಿ ಕೂತಿದ್ದ. ಅಯ್ಯನವರು ಅವನನ್ನು ಮೇಲಿಂದ ಕೆಳಗೆ ನೋಡಿದರು.

“ಹೊಸಾ ಜರಿ ಶಾಲು ಛಲೋ ಐತಿ.”

“ಅಜ್ಜಾರ, ಇದು ಹರಕ ಕಂಬಳಿ!”

“ಅಳಿಯ ಅಲ್ಲ, ಮಗಳ ಗಂಡ.”

ಕಾಂತೇಶನ ಕಣ್ಣಲ್ಲಿ ನೀರು ಬಂತು. ಸಿಟ್ಟೂ ಬಂತು.

“ಹಂಗಾರ ನೀವ ಹೇಳಿಬಿಡ್ರಿ ಅಜ್ಜಾರ. ಛಲೋ ಉಟ್ಟರ ನಾ ಹಿಂದ ಸರೀತೀನಿ. ಕೆಟ್ಟದ್ದು ಉಟ್ಟರ ಮಂದಿ ಹಿಂದ ಸರೀತಾರ. ನೀವು ಉಟ್ಟಿದ್ದನ್ನ ನಾನೂ ಉಡತೀನಿ. ಹಿಂಗ ಕಾವಿ ನಿಲುವಂಗಿ, ಹಿಂಗ ಬೆನ್ನಿಗೆ ದಪ್ಪನ್ನ ತೇಪಿ.”

“ಈ ತೇಪಿ ನನ್ನ ಬೆನ್ನನೋವಿಗೆ ಬೆಚ್ಚಗಿರಲಿ ಅಂತ ಹಚ್ಚಿಸಿದ್ದು. ನಿನಗ ಬೆನ್ನನೋವು ಐತೇನು?”

“ಇಲ್ರಿ.”

“ಇಲ್ಲದ ರೋಗಕ್ಕ ಉಪಚಾರ ಮಾಡಬಾರದು ಅಂತ ನಿನಗ ಮೊದಲನೇ ದಿನಾನ ಹೇಳೀನಲ್ಲ?”

ಅಯ್ಯನವರು ಅವನ ಪಕ್ಕದಲ್ಲೇ ಕೂತರು. ದನಿ ಮೆತ್ತಗಾಗಿತ್ತು.

“ತಮ್ಮಾ, ದರ್ಜಿ ನಿನ್ನ ಮೈ ಅಳೀತಾನ. ನಿನ್ನ ದಿನದ ಕೆಲಸಾನ ಅಳಿಯೋರು ಯಾರು?”

ಆ ಮಾತನ್ನು ಹೊತ್ತುಕೊಂಡೇ ಕಾಂತೇಶ ಮೊದಲು ಹೊಳೆಗೆ ಹೋಗಿ ಮಿಂದ. ಗಡ್ಡ ತೆಗೆಸಿದ. ಆಶ್ರಮದವರೆಲ್ಲ ಉಡುವ ಮಾಮೂಲಿ ಪಂಚೆ ಸುತ್ತಿಕೊಂಡು, ಉದ್ದ ತೋಳಿನ ಅಂಗಿ ತೊಟ್ಟು ಎಂದಿನ ಕೆಲಸಕ್ಕೆ ಇಳಿದ. ಕೆಲಸ ಮಾಡುತ್ತಲೇ ತನ್ನ ದಿನವನ್ನು ನೋಡತೊಡಗಿದ.

ತಾನು ದಿನದಲ್ಲಿ ಹೆಚ್ಚು ಹೊತ್ತು ಮೊಣಕಾಲೂರಿ ಕೂರುತ್ತೇನೆ ಎಂಬುದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಷಾಯ ಸೋಸುವಾಗ ಉದ್ದ ತೋಳು ಪಾತ್ರೆಗೆ ಇಳಿಯುತ್ತಿತ್ತು. ಮಕ್ಕಳು ಎದೆಯ ಅಂಗಿಯನ್ನೇ ಹಿಡಿದು ಜಗ್ಗುತ್ತಿದ್ದವು. ಮುದುಕರು ಏಳುವಾಗ ಹೆಗಲಿಗೆ ಆತುಕೊಳ್ಳುತ್ತಿದ್ದರು. ನುಣುಪಾದ ಬಟ್ಟೆಯಾದರೆ ಅವರ ಕೈ ಜಾರುತ್ತಿತ್ತು.

ಒಂದು ದಿನ ಅವನು ನೇಕಾರರ ಓಣಿಗೆ ಹೋಗಿ ದಪ್ಪ ನೂಲಿನ ಬಟ್ಟೆ ತಂದ. ಜರಿ ರುಮಾಲನ್ನೂ ಕೋಟನ್ನೂ ಮಾವನಿಗೆ ಮರಳಿಸಿದ. ದರ್ಜಿಯ ಮುಂದೆ ಕೂತು ಹೊತ್ತು ಮುಳುಗುವವರೆಗೆ ಅವನ ತಲೆ ತಿಂದ. ತೋಳು ಇಲ್ಲಿಗೇ ನಿಲ್ಲಲಿ, ಹೆಗಲಿಗೆ ಎರಡು ಹೊಲಿಗೆ ಬೀಳಲಿ, ಕೊರಳು ಬಿಗಿಯಾಗದಿರಲಿ.

“ನೀವೇನು ಅಂಗಿ ಹೊಲಸಾಕತ್ತೀರೋ, ಮನಿ ಕಟ್ಟಸಾಕತ್ತೀರೋ?” ಎಂದ ದರ್ಜಿ.

ಹೊಲಿಸಿದ್ದು ಎರಡೇ ಅಂಗಿ. ಒಂದು ಮೈಮೇಲಿದ್ದರೆ ಇನ್ನೊಂದು ಹಗ್ಗದ ಮೇಲೆ. ಜೊತೆಗೆ ಮೊಣಕಾಲೂರಲು ಬರುವಂಥ ಗಿಡ್ಡ ಪಂಚೆ, ಕೈ ಒರೆಸಲು ಒಂದು ವಸ್ತ್ರ.

ಅಯ್ಯನವರು ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ತೋಳು ಯಾಕ ಗಿಡ್ಡ?”

“ಕಷಾಯದಾಗ ಅದ್ದತಿತ್ರಿ.”

“ಯಾಕ ಬಿಳೀದು?”

“ಹೊಲಸಾದ್ರ ನನಗ ಗೊತ್ತಾಗಬೇಕ್ರಿ. ಒಗದ್ರ ಹೋಗಬೇಕ್ರಿ.”

“ಕೊರಳಿಗೆ ಈ ನೀಲಿ ನೂಲಿನ ಹೊಲಿಗಿ?”

ಕಾಂತೇಶ ಇದಕ್ಕೂ ಒಂದು ಕಾರಣ ಹುಡುಕಿದ. ಸಿಗಲಿಲ್ಲ.

“ಸುಮ್ಮನ್ರಿ ಅಜ್ಜಾರ. ನೀಲಿ ಅಂದ್ರ ನನಗ ಸೇರತೈತಿ.”

ಅಯ್ಯನವರು ಬಾಯ್ತುಂಬ ನಕ್ಕರು. “ಅಂತೂ ಒಳಗ ಒಬ್ಬಾಂವ ಅದಾನ! ಹೊಲಿಗಿ ಬಿಚ್ಚಬ್ಯಾಡ, ಇರಲಿ.”

“ಮತ್ತ ಅಪ್ಪಣೀರಿ?”

“ಅಂಗಿ ಇನ್ನೂ ಗಡಸೈತಿ. ಒಗದು ಒಗದು ಮೆತ್ತಗಾಗಲಿ.”

ಅಂಗಿ ಮೆತ್ತಗಾಗುತ್ತ ಹೋಯಿತು. ಬೆಳಿಗ್ಗೆ ಏನುಡಲಿ ಎಂಬ ಯೋಚನೆಯಿಲ್ಲ. ಹಗ್ಗದ ಮೇಲಿದ್ದದ್ದು ಮೈಗೆ, ಮೈಮೇಲಿದ್ದದ್ದು ಹೊಳೆಗೆ. ಕೆಲವೇ ದಿನಗಳಲ್ಲಿ ಕಾಂತೇಶ ಅಪ್ಪಣೆ ಕೇಳುವುದನ್ನೂ ಮರೆತ, ಅಂಗಿಯನ್ನೂ ಮರೆತ. ಅವನಿಗೆ ಅಷ್ಟು ನೆಮ್ಮದಿ ಹಿಂದೆಂದೂ ಇರಲಿಲ್ಲ.

ಹುಣ್ಣಿಮೆ ಕಳೆದು ಫಕೀರವ್ವ ಬಂದಳು. ನಡೆದು ದಣಿದು ಆಶ್ರಮದ ಮುಂದಿನ ಹೊಂಗೆಮರದ ಬುಡದಲ್ಲೇ ಕೂತುಬಿಟ್ಟಿದ್ದಳು. ಕಾಂತೇಶ ನೀರಿನ ತಂಬಿಗೆ ಹಿಡಿದು ಹೋಗಿ, ಅವಳ ಎದುರು ಮಣ್ಣಿನಲ್ಲೇ ಕೂತ.

“ಉಂಡಿಯೇನು ಯಕ್ಕಾ?”

ಫಕೀರವ್ವ ತಲೆಯೆತ್ತಿದಳು. ಕೂಸಿಗೆ ಏನಾಗಿದೆ ಎಂದು ಎಲ್ಲರೂ ಕೇಳಿದ್ದರು. ಅವಳು ಉಂಡಳೇ ಎಂದು ಯಾರೂ ಕೇಳಿರಲಿಲ್ಲ.

“ಇಲ್ಲೋ ಯಪ್ಪಾ,” ಎಂದಳು. ಹಾಗೆಂದವಳಿಗೆ ಅಳು ಬಂತು.

ಕೂಸು ಅಂಬೆಗಾಲಿಟ್ಟು ಬಂದು ಕಾಂತೇಶನ ತೊಡೆಯೇರಿತು. ಕೊರಳ ನೀಲಿ ನೂಲನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು. ಅವನು ಬಿಡಿಸಿಕೊಳ್ಳಲಿಲ್ಲ.

“ಒಂದು ಮಾತ ಹೇಳತೀನಿ, ಯಾರಿಗೂ ಹೇಳಬ್ಯಾಡ,” ಎಂದಳು ಫಕೀರವ್ವ. “ಈ ಕೂಸು ಮಣ್ಣ ತಿನ್ನತೈತಿ. ಗ್ವಾಡಿ ಕೆರಕೊಂಡು ತಿನ್ನತೈತಿ. ತಾಯಿ ಹೊಟ್ಟಿಗೆ ಹಾಕೂದಿಲ್ಲ, ಅದಕ್ಕ ತಿನ್ನತೈತಿ ಅಂತ ಮಂದಿ ಅಂದಾರು ಅಂತ ಎಲ್ಲೂ ಬಾಯಿ ಬಿಟ್ಟಿಲ್ಲ.”

ಕಾಂತೇಶ ನಕ್ಕ. “ನಮ್ಮ ಮನಿ ಗ್ವಾಡಿ ಅರ್ಧಾ ನಾನ ತಿಂದೀನಿ ಯಕ್ಕಾ. ಇದಕ್ಕ ಔಷಧ ಐತಿ. ಏಳು, ಮೊದಲ ಉಣ್ಣು.”

ಹೊಟ್ಟೆಯ ಹುಳುವಿಗೆ ವಾಯುವಿಳಂಗದ ಪುಡಿಯನ್ನು ಬೆಲ್ಲದಲ್ಲಿ ಕಲಸಿ ಕೊಟ್ಟ. ಏನು ಉಣಿಸಬೇಕೆಂದು ಹೇಳಿದ. ದೋಣಿಯವರೆಗೆ ಕೂಸನ್ನು ತಾನೇ ಎತ್ತಿಕೊಂಡು ಹೋಗಿ ಬಿಟ್ಟು ಬಂದ.

ಹೊಲದಲ್ಲಿ ಶೇಂಗಾ ಕೀಳುವ ದಿನಗಳಲ್ಲಿ ಫಕೀರವ್ವ ಮತ್ತೊಮ್ಮೆ ಆಶ್ರಮಕ್ಕೆ ಬಂದಳು. ಕೂಸು ಮುಂದೆ ತಟಪಟ ನಡೆಯುತ್ತಿತ್ತು, ಅವಳು ಉಡಿ ತುಂಬ ಹಸಿಶೇಂಗಾ ಕಟ್ಟಿಕೊಂಡು ಅದರ ಹಿಂದೆ ಓಡುತ್ತಿದ್ದಳು. ಅಯ್ಯನವರ ಮುಂದೆ ಶೇಂಗಾ ಸುರಿದು, ಪಕ್ಕದಲ್ಲಿ ಬೇರು ಕುಟ್ಟುತ್ತ ಕೂತಿದ್ದ ಕಾಂತೇಶನಿಗೂ ಕೈಮುಗಿದಳು.

“ಅಜ್ಜಾರ, ಈ ವೈದ್ಯರ ಕೈಗುಣ ಛಲೋ ಐತ್ರಿ. ಮೊದಲ ಇವರಿಗೇ ತೋರಿಸಿದ್ರ ನನ್ನ ಕೂಸು ಇಷ್ಟ ದಿನ ನರಳತಿರಲಿಲ್ಲ.”

“ಮೊದಲ ಯಾರಿಗೆ ತೋರಿಸಿದ್ದೆವ್ವಾ?”

“ಒಬ್ಬಾಂವ ಇದ್ನಲ್ರಿ, ಜರಿ ರುಮಾಲಿನಾಂವ? ಥೇಟ ಸಾವುಕಾರ. ಅವನ ಮುಂದ ನನಗ ಬಾಯೇ ಬರಲಿಲ್ಲ. ಆಮ್ಯಾಲ ಇನ್ನೊಬ್ಬಾಂವ ಬಂದ, ಗಡ್ಡದಾಂವ. ಯಪ್ಪಾ, ಅವನ್ನ ನೋಡಿ ಕೂಸಿಗೆ ಜ್ವರಾನ ಬಂತು.”

ಕಾಂತೇಶನ ಕಿವಿ ಕೆಂಪಾದವು. ಅಯ್ಯನವರು ಒಂದು ಶೇಂಗಾ ಒಡೆದು ಬಾಯಿಗೆ ಹಾಕಿಕೊಂಡರು.

“ಈ ವೈದ್ಯರು ಅವತ್ತ ಏನ ಉಟ್ಟಿದ್ರವ್ವಾ?”

ಫಕೀರವ್ವ ನೆನಪು ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ.

“ಅದನ್ಯಾರು ನೋಡ್ಯಾರ್ರಿ ಅಜ್ಜಾರ? ಉಂಡಿಯೇನು ಅಂತ ಕೇಳಿದ್ರು ನೋಡ್ರಿ, ಅದ ನೆನಪೈತಿ.” ಆಮೇಲೆ ಸುತ್ತ ಒಮ್ಮೆ ಕಣ್ಣಾಡಿಸಿ, ದನಿ ತಗ್ಗಿಸಿ ಕೇಳಿದಳು. “ಆ ಇಬ್ಬರೂ ಇನ್ನೂ ಇಲ್ಲೇ ಅದಾರೇನ್ರಿ?”

ಕಾಂತೇಶ ಕುಟ್ಟುವುದನ್ನು ನಿಲ್ಲಿಸಿ ಗುರುಗಳ ಮುಖ ನೋಡಿದ.

“ಇಲ್ಲವ್ವಾ,” ಎಂದರು ಅಯ್ಯನವರು. “ಆ ಇಬ್ಬರನ್ನೂ ನಮ್ಮ ಕಾಂತೇಶನೇ ಹೊಳಿ ದಾಟಿಸಿ ಬಂದಾನ. ನಾಳಿ ಇವನ್ನ ಪ್ಯಾಟಿಗೆ ಕಳಸೂದೈತಿ.”