ಹುಂಡುಕೋಳಿಗೆ ಬಿಳಿ ಎದೆ ಬಂದದ್ದು

ಜಗತ್ತು ಹುಟ್ಟಿ ವಾರ ತುಂಬುವ ಹೊತ್ತಿಗೇ ಅದಕ್ಕೊಂದು ಘೋರ ಸಂಕಟ ಎದುರಾಯಿತು. ಏಳನೆಯ ದಿನದ ಊಟಕ್ಕೆ ಬಂದ ಅತಿಥಿಗಳ ಕಾಲು ತೊಳೆಯಲು ಯಾರೂ ಸಿಗಲಿಲ್ಲ.

ಭೂಮಿ ಆಗಷ್ಟೇ ಆಗಿತ್ತು, ಇನ್ನೂ ಒಣಗಿರಲಿಲ್ಲ. ಹಾಗಾಗಿ ದೇವರ ಅಂಗಳಕ್ಕೆ ನಡೆದು ಬಂದವರೆಲ್ಲರ ಕಾಲಿಗೂ ಕೆಸರು. ಕಾಲು ತೊಳೆಯದೆ ಹೊಸ್ತಿಲು ದಾಟುವಂತಿರಲಿಲ್ಲ. ತನ್ನ ಕಾಲನ್ನು ತಾನೇ ತೊಳೆದುಕೊಂಡರೆ ಅತಿಥಿಯ ಮರ್ಯಾದೆ ಹೋಗುತ್ತದೆ ಎಂದು ಬೆಳಿಗ್ಗೆಯೇ ತೀರ್ಮಾನವಾಗಿತ್ತು. ಮರ್ಯಾದೆ ಎನ್ನುವುದು ಜಗತ್ತಿಗೆ ಹೊಸದು. ಎಲ್ಲರೂ ಅದನ್ನು ಜೋಪಾನವಾಗಿ ಬಳಸುತ್ತಿದ್ದರು.

"ನೀರು ನಾನು ಕೊಡುತ್ತೇನೆ, ತೊಳೆಯುವವರು ಯಾರಾದರೂ ಬನ್ನಿ" ಎಂದಿತು ಹೊಳೆ.

"ನಾನು ಬಾಗಿದರೆ ಗರಿ ಸುಕ್ಕಾಗುತ್ತದೆ" ಎಂದಿತು ನವಿಲು.

"ನಾನು ಬಾಗಿದರೆ ಎಬ್ಬಿಸುವವರು ಯಾರಪ್ಪ?" ಎಂದಿತು ಆನೆ.

"ಪಾಯಸ ಆರುತ್ತಿದೆ" ಎಂದಿತು ಅಡುಗೆಮನೆಯಿಂದ ಬಂದ ಗಾಳಿ.

ಎಲ್ಲರ ಹಿಂದೆ ನಿಂತಿದ್ದ ನೀರಹಕ್ಕಿ ಹುಂಡುಕೋಳಿ ಇದನ್ನೆಲ್ಲ ಕೇಳಿಸಿಕೊಂಡಿತು. ಆಗ ಅದು ಕೊಕ್ಕಿನ ಬುಡದಿಂದ ಬಾಲದವರೆಗೂ ಕಪ್ಪು. ಐದನೆಯ ದಿನ ಹಕ್ಕಿಗಳನ್ನೆಲ್ಲ ಮಾಡಿ, ಕೊನೆಗೆ ದೇವರು ಅದನ್ನು ಮಾಡುವಾಗ ಕತ್ತಲಾಗಿತ್ತು. ದೇವರ ಕೈ ಬೆಚ್ಚಗಿದ್ದದ್ದು ಅದಕ್ಕೆ ನೆನಪಿತ್ತು, ಮುಖ ಮಾತ್ರ ಕಂಡಿರಲಿಲ್ಲ. ಇವತ್ತು ಹತ್ತಿರ ಕೂತು ಆ ಮುಖ ನೋಡಬೇಕು. ಅದಕ್ಕಿದ್ದ ಆಸೆ ಅದೊಂದೇ.

'ಹೀಗೇ ನಿಂತರೆ ಊಟವೂ ಇಲ್ಲ, ಮುಖವೂ ಇಲ್ಲ' ಅಂದುಕೊಂಡು ಅದು ಮುಂದೆ ಬಂತು. ಕೊಕ್ಕಿನಲ್ಲಿ ನೀರು ತಂದಿತು, ಹುಲ್ಲಿನಿಂದ ಉಜ್ಜಿತು, ಎಲೆಯಿಂದ ಒರೆಸಿತು.

"ಬೆರಳ ಸಂದಿಯಲ್ಲೂ ನೋಡಮ್ಮ" ಎಂದಿತು ನವಿಲು. ಹುಂಡುಕೋಳಿ ಬೆರಳ ಸಂದಿಯಲ್ಲೂ ನೋಡಿತು.

ಕಾಲು ತೊಳೆಸಿಕೊಂಡವರು ಒಳಗೆ ಹೋದರು. ದೇವರ ಪಕ್ಕದ ಮಣೆಗೆ ನವಿಲು ಓಡಿತು. ಉಳಿದ ಮಣೆಗಳೂ ಒಂದೊಂದಾಗಿ ತುಂಬಿದವು. ಬಾಗಿಲ ಮೂಲೆಯಲ್ಲಿ ಒಂದೇ ಒಂದು ಖಾಲಿ ಇತ್ತು. ಅಲ್ಲಿಂದ ಇಣುಕಿದರೆ ದೇವರ ಅರ್ಧ ಮುಖವಾದರೂ ಕಂಡೀತು. ಹುಂಡುಕೋಳಿ ಅತ್ತ ಹೆಜ್ಜೆ ಇಡಬೇಕು, ಅಷ್ಟರಲ್ಲಿ ಸಹಸ್ರಪದಿ ಬಂತು.

"ತಡವಾಯಿತಾ ಅಕ್ಕ?"

"ಎಲ್ಲ ಕಾಲಿಗೂ ಕೆಸರಾ ತಮ್ಮಾ?"

"ಮುಂದಿನವಕ್ಕೆ ಆಗಿದೆ. ಹಿಂದಿನವು ಹೇಗಿವೆಯೋ, ನಾನೂ ನೋಡಿಲ್ಲ."

ಹುಂಡುಕೋಳಿ ಖಾಲಿ ಮಣೆಯನ್ನು ನೋಡಿತು. ಸಹಸ್ರಪದಿಯನ್ನು ನೋಡಿತು. ಒಂದು ಉಸಿರು ಬಿಟ್ಟು ಮತ್ತೆ ಹೊಳೆಗೆ ಹೋಯಿತು. ಮುಂದಿನವು, ನಡುವಿನವು, ಹಿಂದಿನವು ಎಲ್ಲವನ್ನೂ ತೊಳೆಯಿತು. ಸಹಸ್ರಪದಿ ಥ್ಯಾಂಕ್ಸ್ ಹೇಳಿ ಒಳಗೆ ಹೋಗಿ, ಆ ಕೊನೆಯ ಮಣೆಯ ಮೇಲೆ ಕೂತಿತು.

ಹುಂಡುಕೋಳಿ ತನ್ನ ಕಾಲು ನೋಡಿಕೊಂಡಿತು. ಅಂಗಳದ ಅಷ್ಟೂ ಕೆಸರು ಅಲ್ಲಿತ್ತು. ಅದು ಮೆಲ್ಲಗೆ ಹಿಂದೆ ತಿರುಗಿತು.

"ಎಲ್ಲಿಗೆ ಹೊರಟೆ? ಕಾಲು ಕೊಡು."

ದೇವರು ಸೊಂಟಕ್ಕೆ ಬಿಳಿ ವಸ್ತ್ರ ಕಟ್ಟಿಕೊಂಡು, ತಂಬಿಗೆ ಹಿಡಿದು ಹೊರಗೆ ಬಂದಿದ್ದರು. ಬಂದವರೇ ಕೆಸರಿನಲ್ಲಿ ಮೊಣಕಾಲೂರಿದರು.

"ಅಯ್ಯೋ ಬೇಡ, ಏಳಿ ಸ್ವಾಮಿ! ಬಟ್ಟೆ ಕೊಳೆಯಾಗುತ್ತದೆ."

"ಬಟ್ಟೆ ಇರುವುದೇ ಅದಕ್ಕೆ" ಎಂದರು ದೇವರು. ಬೆರಳ ಸಂದಿಯನ್ನೂ ಬಿಡದೆ ತೊಳೆದರು. ಹುಂಡುಕೋಳಿ ಬಗ್ಗಿ ನೋಡಿತು. ಆ ಮುಖ ಪೂರ್ತಿ, ಹತ್ತಿರದಲ್ಲೇ, ನಗುತ್ತಾ ಅದರ ಕಾಲ ಬಳಿ ಇತ್ತು.

ಆಮೇಲೆ ದೇವರು ಸೊಂಟದ ವಸ್ತ್ರ ಬಿಚ್ಚಿ, ಹುಂಡುಕೋಳಿಯ ಮುಖ ಒರೆಸಿ, ಎದೆ ಮುಚ್ಚುವಂತೆ ಕೊರಳಿಗೆ ಕಟ್ಟಿದರು.

ಒಳಗಿನಿಂದ ನವಿಲು ಕೂಗಿತು: "ಸ್ವಾಮಿ, ನಿಮ್ಮ ಪಕ್ಕದ ಜಾಗ ಹಿಡಿದಿದ್ದೇನೆ. ನೀವೇ ಇಲ್ಲವಲ್ಲ!"

"ನಾನು ಇಲ್ಲೇ ಕೂತೆ" ಎಂದು ದೇವರು ಹೊಸ್ತಿಲ ಮೇಲೆ ಕೂತರು, ಪಕ್ಕದಲ್ಲಿ ಹುಂಡುಕೋಳಿಯನ್ನು ಕೂರಿಸಿಕೊಂಡರು. ಪಾಯಸವನ್ನು ಅಲ್ಲಿಗೇ ತರಿಸಿದರು. ಹೊಳೆ ನಕ್ಕಿತು, ಗಾಳಿ ನಕ್ಕಿತು, ಹುಂಡುಕೋಳಿ ಎಷ್ಟು ಜೋರಾಗಿ ನಕ್ಕಿತೆಂದರೆ ಅದರ ಕ್ವಾಕ್ ಕ್ವಾಕ್ ಆಚೆ ದಡಕ್ಕೂ ಕೇಳಿತು.

ಹುಂಡುಕೋಳಿ ಇವತ್ತಿಗೂ ಕೆರೆಯಂಚಿನ ಕೆಸರಿನಲ್ಲೇ ಓಡಾಡುತ್ತದೆ. ಬೆನ್ನು ಕಪ್ಪು, ಆ ವಸ್ತ್ರ ತಾಗಿದ ಮುಖ ಮತ್ತು ಎದೆ ಬಿಳಿ.